ಹಿಮದ ಹಾದಿಯಲ್ಲಿ ದಿಗ್ವ್ರತ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಮೂರು ಗುಣವ್ರತಗಳು. ಅವುಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ತಾನು ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಆ ಎಲ್ಲೆಯ ಆಚೆಗೆ ಹೆಜ್ಜೆ ಇಡದಿರುವ ಸಂಕಲ್ಪವೇ ಈ ವ್ರತ. ವ್ಯಾಪಾರವೇ ವೃತ್ತಿಯಾಗಿರುವ ಸಮಾಜಕ್ಕೆ ಇದರ ಮಹತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ. ಲಾಭವು ಕರೆದತ್ತ ಕಾಲು ಹೋಗುತ್ತದೆ. ಕಾಲು ಹೋದತ್ತ ಹಿಂಸೆಯೂ ಪರಿಗ್ರಹವೂ ಹಿಂಬಾಲಿಸುತ್ತವೆ. ಆದುದರಿಂದಲೇ ಈ ದಿಕ್ಕಿಗೆ ಇಂಥ ನದಿಯವರೆಗೆ, ಆ ದಿಕ್ಕಿಗೆ ಇಂಥ ಪಟ್ಟಣದವರೆಗೆ ಎಂದು ಎಲ್ಲೆ ಹಾಕಿಕೊಳ್ಳುವ ಪದ್ಧತಿ ಬಂದಿತು.

ಈ ವ್ರತಕ್ಕೆ ತಗಲಬಹುದಾದ ಅತಿಚಾರಗಳನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಐದಾಗಿ ಎಣಿಸಿದ್ದಾರೆ: ಊರ್ಧ್ವವ್ಯತಿಕ್ರಮ, ಅಧೋವ್ಯತಿಕ್ರಮ, ತಿರ್ಯಗ್ವ್ಯತಿಕ್ರಮ, ಕ್ಷೇತ್ರವೃದ್ಧಿ ಮತ್ತು ಸ್ಮೃತ್ಯಂತರಾಧಾನ. ಮೇಲಕ್ಕೆ ಎಲ್ಲೆ ಮೀರುವುದು, ಕೆಳಕ್ಕೆ ಮೀರುವುದು, ಅಡ್ಡಲಾಗಿ ಮೀರುವುದು, ಹಾಕಿಕೊಂಡ ಕ್ಷೇತ್ರವನ್ನು ಲೋಭದಿಂದ ಹಿಗ್ಗಿಸಿಕೊಳ್ಳುವುದು, ಹಾಕಿಕೊಂಡ ಎಲ್ಲೆಯನ್ನೇ ಮರೆಯುವುದು ಎಂದು ಇವುಗಳ ಅರ್ಥ. ಈ ಎಣಿಕೆಯಲ್ಲಿ ಮೊದಲು ಬರುವುದು ಮೇಲ್ಮುಖದ ಮೀರುವಿಕೆ ಎಂಬುದನ್ನು ಗಮನಿಸಬೇಕು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಪರ್ವತವೇ ಮೊದಲಾದವನ್ನು ಏರುವುದನ್ನು ಉದಾಹರಣೆಯಾಗಿ ಕೊಟ್ಟಿದ್ದಾರೆ. ಬಯಲುಸೀಮೆಯ ಗೃಹಸ್ಥನು ಈ ಮಾತನ್ನು ಸ್ವಾಧ್ಯಾಯದಲ್ಲಿ ಓದಿ ಮುಂದೆ ಸಾಗುತ್ತಿದ್ದನು. ಅವನ ಬಾಳಿನಲ್ಲಿ ಏರುವ ಬೆಟ್ಟವೆಂದರೆ ಶ್ರವಣಬೆಳಗೊಳದ ವಿಂಧ್ಯಗಿರಿ. ಬಹಳವಾದರೆ ಸಮ್ಮೇದ ಶಿಖರಜಿ ಅಥವಾ ಗಿರನಾರ. ಅಲ್ಲಿ ದಣಿವುಂಟು, ಬಿಸಿಲಿನಲ್ಲಿ ಅಂಗಾಲು ಸುಡುವುದುಂಟು; ಆದರೆ ಉಸಿರಾಡುವ ಗಾಳಿಯೇ ಸಾಲದಾಗುವ ಎತ್ತರ ಅಲ್ಲಿಲ್ಲ.

ಈಗ ಕಾಲ ಬದಲಾಗಿದೆ. ವಿಮಾನ, ಮೋಟಾರು ರಸ್ತೆ, ಹೆಲಿಕಾಪ್ಟರುಗಳ ದೆಸೆಯಿಂದ ಸಮುದ್ರಮಟ್ಟದ ಊರಿನ ಶ್ರಾವಕ ದಂಪತಿಗಳು ಎಂಟು ಹತ್ತು ದಿನಗಳೊಳಗೆ 5,600 ಮೀಟರು ಎತ್ತರದ ಕಣಿವೆದಾರಿಯೊಂದರಲ್ಲಿ ಹಿಮದ ಮೇಲೆ ನಿಂತಿರುತ್ತಾರೆ. ಅದು ಕೈಲಾಸ ಪರ್ವತದ ಪರಿಕ್ರಮದ ದಾರಿ. ಆ ದಾರಿಯ ಋತುಮಾನಗಳನ್ನು ತಿಳಿಯುವುದು ಪ್ರವಾಸಿಗನ ಕುತೂಹಲವಷ್ಟೇ ಅಲ್ಲ, ವ್ರತಿಕನ ಕರ್ತವ್ಯವೂ ಹೌದು.

ಪ್ರಥಮ ತೀರ್ಥಂಕರ ಭಗವಾನ್ ಋಷಭದೇವರ ನಿರ್ವಾಣಭೂಮಿ ಕೈಲಾಸವೆಂದು, ಅಷ್ಟಾಪದವೆಂದು ಪುರಾಣಗಳು ಹೇಳುತ್ತವೆ. ಸಂಸ್ಕೃತದಲ್ಲಿ ಜಿನಸೇನಾಚಾರ್ಯರೂ ಕನ್ನಡದಲ್ಲಿ ಪಂಪಮಹಾಕವಿಯೂ ಆದಿತೀರ್ಥಂಕರರ ಚರಿತೆಯನ್ನು ಹಾಡಿದ್ದರಿಂದ ಕರ್ನಾಟಕದ ಜೈನರಿಗೆ ಕೈಲಾಸವು ಎಂದೂ ದೂರದ ಹೆಸರಾಗಿರಲಿಲ್ಲ. ಅಷ್ಟಾಪದದ ನಿಖರವಾದ ಸ್ಥಾನದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೂ ಟಿಬೆಟಿನ ನೈರುತ್ಯದಲ್ಲಿ, ಮಾನಸ ಸರೋವರದ ಉತ್ತರಕ್ಕೆ, 6,638 ಮೀಟರು ಎತ್ತರಕ್ಕೆ ನಿಂತಿರುವ ಕೈಲಾಸವನ್ನೇ ಆ ಪುಣ್ಯಸ್ಥಳವೆಂದು ಭಾವಿಸಿ ಬಹುಮಂದಿ ಜೈನರು ವಂದನೆಗೆ ಹೋಗುತ್ತಾರೆ. ಹಿಂದೂಗಳು, ಬೌದ್ಧರು, ಟಿಬೆಟಿನ ಪ್ರಾಚೀನ ಬೋನ್ ಧರ್ಮದವರು ಸಹ ಅದನ್ನು ಪೂಜಿಸುತ್ತಾರೆ. ಶಿಖರವನ್ನು ಯಾರೂ ಏರುವುದಿಲ್ಲ. ಸುತ್ತ ನಡೆದು ಬರುವುದೇ ಅಲ್ಲಿಯ ವಂದನೆ.

ಅಷ್ಟಾಪದ ಎಂಬ ಹೆಸರಿಗೆ ಹೇಮಚಂದ್ರಾಚಾರ್ಯರು ತ್ರಿಷಷ್ಟಿಶಲಾಕಾಪುರುಷಚರಿತದಲ್ಲಿ ಕೊಡುವ ಕಾರಣವು ಇಲ್ಲಿ ನೆನೆಯತಕ್ಕದ್ದು. ಭರತ ಚಕ್ರವರ್ತಿಯು ಆ ಪರ್ವತದ ಮೇಲೆ ಜಿನಾಲಯವನ್ನು ಕಟ್ಟಿಸಿದ ತರುವಾಯ, ಒಂದೊಂದು ಯೋಜನದ ಅಂತರದಲ್ಲಿ ಎಂಟು ಮೆಟ್ಟಿಲುಗಳನ್ನು ಕಡಿಸಿದನು. ಅವು ಜನರು ಹತ್ತಲೆಂದು ಕಡಿಸಿದವಲ್ಲ. ಮನುಷ್ಯರಿಗೆ ದಾಟಲು ಅಸಾಧ್ಯವಾಗಲೆಂದು ಕಡಿಸಿದವು. ಮುಂದಿನ ಕಾಲದ ಜನರ ಲೋಭದಿಂದ ಆ ಸ್ಥಳವನ್ನು ಕಾಪಾಡಬೇಕೆಂಬುದು ಅವನ ಉದ್ದೇಶ. ಆ ಎಂಟು ಪದಗಳಿಂದಲೇ ಅಷ್ಟಾಪದವೆಂಬ ಹೆಸರು ಬಂದಿತೆಂದು ಆಚಾರ್ಯರ ವಿವರಣೆ. ಅಂದಮೇಲೆ ಈ ತೀರ್ಥದ ಹೆಸರಿನಲ್ಲಿಯೇ ಒಂದು ಎಲ್ಲೆ ಅಡಗಿದೆ.

ಇನ್ನು ದಾರಿಯ ವಿಚಾರ. ಪರಿಕ್ರಮದ ಸುತ್ತಳತೆ ಸುಮಾರು 52 ಕಿಲೋಮೀಟರು. ಯಾತ್ರಾರ್ಥಿಗಳು ಸಾಮಾನ್ಯವಾಗಿ ಮೂರು ದಿನಗಳಲ್ಲಿ ಪೂರೈಸುತ್ತಾರೆ. ಆರಂಭದ ಊರಾದ ದಾರ್ಚೆನ್ ಸುಮಾರು 4,600 ಮೀಟರು ಎತ್ತರದಲ್ಲಿದೆ. ಮೊದಲನೆಯ ದಿನ ಪಶ್ಚಿಮದ ಕಣಿವೆಯಲ್ಲಿ ನಡೆದು, ಪರ್ವತದ ಉತ್ತರ ಮುಖ ಕಾಣುವ ದಿರಾಪುಕ್ ಎಂಬಲ್ಲಿ ತಂಗುತ್ತಾರೆ. ಎರಡನೆಯ ದಿನವೇ ಕಠಿಣವಾದುದು. ಅಂದು ಸುಮಾರು 5,630 ಮೀಟರು ಎತ್ತರದ ದೋಲ್ಮಾ ಕಣಿವೆದಾರಿಯನ್ನು ದಾಟಿ, ಗೌರೀಕುಂಡದ ಮಗ್ಗುಲಲ್ಲಿ ಕಡಿದಾದ ಬಂಡೆಗಳ ಇಳಿಜಾರನ್ನು ಇಳಿದು, ಪೂರ್ವದ ಕಣಿವೆಯನ್ನು ಸೇರಬೇಕು. ಆ ಎತ್ತರದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟೇ ಇರುವುದರಿಂದ, ಪ್ರತಿ ಉಸಿರಿನಲ್ಲಿ ದೊರಕುವ ಪ್ರಾಣವಾಯುವೂ ಅರ್ಧದಷ್ಟೇ.

ಈ ಒಂದೇ ದಾರಿಯು ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಬೇರೆ ಬೇರೆ ದಾರಿಯಾಗುತ್ತದೆ. ಮೇ ತಿಂಗಳಿನಲ್ಲಿ ಚಳಿಗಾಲದ ಹಿಮವು ಕಣಿವೆದಾರಿಯ ಎರಡು ಮಗ್ಗುಲಲ್ಲಿಯೂ ಉಳಿದಿರುವುದು ಸಾಮಾನ್ಯ. ಮುಂಜಾನೆ ಅದು ರಾತ್ರಿಯ ಚಳಿಗೆ ಗಟ್ಟಿಗೊಂಡು ಗಾಜಿನಂತೆ ಜಾರುತ್ತದೆ. ಬಿಸಿಲೇರಿದ ಮೇಲೆ ಮೆತ್ತಗಾಗಿ ಕಾಲು ಮೊಣಕಾಲಿನವರೆಗೆ ಹೂತುಕೊಳ್ಳುತ್ತದೆ. ಗೌರೀಕುಂಡ ಆಗ ಹೆಪ್ಪುಗಟ್ಟಿರುತ್ತದೆ. ಜೂನ್ ತಿಂಗಳಿನಲ್ಲಿ ಹಿಮ ಕರಗುತ್ತ ಬಂದಂತೆ ತೊರೆಗಳು ಅಪರಾಹ್ನದಲ್ಲಿ ಉಕ್ಕುತ್ತವೆ. ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದ ನೀರು ಸಂಜೆಗೆ ದಾಟಲಾಗದಂತಾಗುತ್ತದೆ. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಕಣಿವೆದಾರಿಯ ಹಿಮ ಕಡಿಮೆಯಾದರೂ ಮಳೆಗಾಲದ ಮೋಡಗಳು ಹಿಮಾಲಯವನ್ನು ದಾಟಿ ಬರುತ್ತವೆ. ಕೆಳಗೆ ಮಳೆಯಾದಾಗ ಮೇಲೆ ಹಿಮ ಬೀಳುತ್ತದೆ, ಭಾರತ ಮತ್ತು ನೇಪಾಳದ ಬದಿಯಲ್ಲಿ ಗುಡ್ಡ ಕುಸಿಯುತ್ತದೆ. ಸೆಪ್ಟೆಂಬರಿನಲ್ಲಿ ಆಕಾಶ ತಿಳಿಯಾಗುತ್ತದೆ, ರಾತ್ರಿಗಳು ಕೊರೆಯುತ್ತವೆ. ಅಕ್ಟೋಬರಿನಿಂದ ಹೊಸ ಹಿಮ ಬೀಳತೊಡಗುತ್ತದೆ. ಹಳೆಯ ಗಟ್ಟಿ ಹಿಮಕ್ಕಿಂತ ಬಂಡೆಗಳ ಮೇಲೆ ಬಿದ್ದ ಹೊಸ ಹಿಮವೇ ಹೆಚ್ಚು ಅಪಾಯಕರ. ಏಕೆಂದರೆ ಅದು ಎರಡು ಕಲ್ಲುಗಳ ನಡುವಿನ ಸಂದನ್ನು ಮುಚ್ಚಿ ನೆಲವೆಂಬ ಭ್ರಮೆ ಹುಟ್ಟಿಸುತ್ತದೆ. ಆಮೇಲೆ ಚಳಿಗಾಲ, ಹೊರಗಿನ ಯಾತ್ರಾರ್ಥಿಗಳಿಗೆ ದಾರಿ ಮುಚ್ಚಿದಂತೆಯೇ.

ಆದರೆ ಋತುವಿನ ಕೀರ್ತಿಯೇ ಬೇರೆ, ಆಯಾ ದಿನದ ಸ್ಥಿತಿಯೇ ಬೇರೆ. 2014ರ ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯಿಂದ ವಿಶಾಖಪಟ್ಟಣದ ತೀರಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಶೇಷವು ಎರಡು ದಿನಗಳಲ್ಲಿ ನೇಪಾಳದ ಅನ್ನಪೂರ್ಣಾ ಪ್ರದೇಶವನ್ನು ಮುಟ್ಟಿತು. ಚಾರಣಕ್ಕೆ ಪ್ರಶಸ್ತವೆಂದು ಹೆಸರಾದ ತಿಂಗಳು ಅದು. 5,416 ಮೀಟರು ಎತ್ತರದ ಥೊರೊಂಗ್ ಕಣಿವೆದಾರಿಯಲ್ಲಿಯೂ ಆಸುಪಾಸಿನಲ್ಲಿಯೂ ಹಿಮಬಿರುಗಾಳಿಗೆ ಸಿಲುಕಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. 2025ರ ಅಕ್ಟೋಬರ್ ಮೊದಲ ವಾರದಲ್ಲಿ ಎವರೆಸ್ಟಿನ ಟಿಬೆಟ್ ಬದಿಯ ಕಣಿವೆಯಲ್ಲಿ ನೂರಾರು ಚಾರಣಿಗರು ಅನಿರೀಕ್ಷಿತ ಹಿಮಪಾತದಲ್ಲಿ ಸಿಕ್ಕಿಕೊಂಡರು. 1996ರ ಆಗಸ್ಟಿನಲ್ಲಿ ಅಮರನಾಥದ ದಾರಿಯಲ್ಲಿ ಅಕಾಲದ ಹಿಮ ಮತ್ತು ಮಳೆಗೆ 240ಕ್ಕೂ ಹೆಚ್ಚು ಯಾತ್ರಾರ್ಥಿಗಳು ಪ್ರಾಣ ಕಳೆದುಕೊಂಡರು. ತರುವಾಯ ನೇಮಕಗೊಂಡ ಸೇನ್‌ಗುಪ್ತಾ ಸಮಿತಿಯು ಯಾತ್ರಿಕರ ಸಂಖ್ಯೆಗೂ ವಯಸ್ಸಿಗೂ ಮಿತಿ ಹಾಕಬೇಕೆಂದು ಸಲಹೆ ಮಾಡಿತು. 1998ರ ಆಗಸ್ಟ್ 18ರ ನಸುಕಿನಲ್ಲಿ ಕೈಲಾಸದ ದಾರಿಯ ಮಾಲ್ಪಾ ಎಂಬಲ್ಲಿ ಗುಡ್ಡ ಕುಸಿದು, ಸುಮಾರು 60 ಯಾತ್ರಾರ್ಥಿಗಳೂ ಸೇರಿದಂತೆ 200ಕ್ಕೂ ಹೆಚ್ಚು ಜನ ಮಡಿದರು. ಬೆಂಗಳೂರಿನ ಸಮೀಪ ನೃತ್ಯಗ್ರಾಮವನ್ನು ಕಟ್ಟಿದ ಒಡಿಸ್ಸಿ ಕಲಾವಿದೆ ಪ್ರೊತಿಮಾ ಬೇಡಿಯವರು ಅವರಲ್ಲಿ ಒಬ್ಬರು. 2018ರ ಜುಲೈ ಆರಂಭದಲ್ಲಿ ಕೈಲಾಸದಿಂದ ಮರಳುತ್ತಿದ್ದ ಸುಮಾರು ಒಂದೂವರೆ ಸಾವಿರ ಭಾರತೀಯರು ಕೆಟ್ಟ ಹವೆಯಿಂದಾಗಿ ನೇಪಾಳದ ಹಿಲ್ಸಾ, ಸಿಮಿಕೋಟಗಳಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದಾಗ ಅವರಲ್ಲಿ 200ಕ್ಕೂ ಹೆಚ್ಚು ಮಂದಿ ಕರ್ನಾಟಕದವರಿದ್ದರು. ಇವರೆಲ್ಲರೂ ಅಜಾಗರೂಕರಾಗಿದ್ದರೆಂದು ಹೇಳುವುದು ಅನ್ಯಾಯ. ಪಂಚಾಂಗವೂ ಪ್ರವಾಸದ ಕಾರ್ಯಕ್ರಮ ಪಟ್ಟಿಯೂ ಪರ್ವತವನ್ನು ಬಂಧಿಸಲಾರವು ಎಂಬುದಷ್ಟೇ ಇಲ್ಲಿ ಗ್ರಹಿಸಬೇಕಾದುದು.

ಹಾಗಾದರೆ ಶ್ರಾವಕನು ಮಾಡಬೇಕಾದುದೇನು? ದಿಗ್ವ್ರತದ ಜೀವಾಳವಿರುವುದು ಎಲ್ಲೆ ಎಷ್ಟು ದೂರ ಎಂಬುದರಲ್ಲಿ ಅಲ್ಲ, ಅದನ್ನು ಯಾವಾಗ ಹಾಕಿಕೊಂಡನು ಎಂಬುದರಲ್ಲಿ. ಮನೆಯಲ್ಲಿ, ಶಾಂತಚಿತ್ತದಲ್ಲಿ, ಹೊರಡುವ ಮುನ್ನ ಹಾಕಿಕೊಂಡ ಎಲ್ಲೆ ವ್ರತವಾಗುತ್ತದೆ. ಶಿಖರ ಕಣ್ಣೆದುರು ಹೊಳೆಯುತ್ತಿರುವಾಗ ಹಾಕಿಕೊಳ್ಳುವ ಎಲ್ಲೆ ಆಸೆಯ ಮತ್ತೊಂದು ಹೆಸರಾಗುತ್ತದೆ.

ಬೆಳಗಾವಿ ಸೀಮೆಯ ಪೇಟೆಯೊಂದರ ಅರಿವೆ ವ್ಯಾಪಾರಿಯೊಬ್ಬರು 2019ರಲ್ಲಿ ಪತ್ನಿಯೊಡನೆ ಈ ಯಾತ್ರೆಗೆ ಹೊರಟರು. ಅವರಿಗೆ 61, ಪತ್ನಿಗೆ 57 ವರ್ಷ. ಹೊರಡುವ ಹಿಂದಿನ ದಿನ ಬಸದಿಯಲ್ಲಿ ದರ್ಶನ ಮುಗಿಸಿ ಬಂದು, ಅಂಗಡಿಯ ಕೀರ್ದಿ ಪುಸ್ತಕದಿಂದ ಒಂದು ಹಾಳೆ ಹರಿದು, ನಾಲ್ಕು ಸಾಲು ಬರೆದರು. ಸೂರ್ಯನು ನೆತ್ತಿಗೆ ಬರುವಷ್ಟರಲ್ಲಿ ಕಣಿವೆದಾರಿಯ ತುದಿ ಮುಟ್ಟದಿದ್ದರೆ ಹಿಂದಿರುಗುವುದು. ಹೊಸ ಹಿಮ ಬಿದ್ದು ದಾರಿ ಕಾಣದಂತಾದರೆ ಹೆಜ್ಜೆ ಇಡದಿರುವುದು. ಇಬ್ಬರಲ್ಲಿ ಒಬ್ಬರಿಗೆ ವಾಂತಿಯಾದರೆ ಅಥವಾ ನಡಿಗೆ ತೂರಾಡಿದರೆ ಇಬ್ಬರೂ ಕೆಳಗಿಳಿಯುವುದು. ಈ ಮೂರನ್ನೂ ಅಲ್ಲಿ ಮರುವಿಚಾರಕ್ಕೆ ತೆಗೆದುಕೊಳ್ಳದಿರುವುದು. ಹಾಳೆಯ ನಕಲೊಂದನ್ನು ಪತ್ನಿಯ ಕೈಗೂ ಮತ್ತೊಂದನ್ನು ಜೊತೆಗೆ ಬರುತ್ತಿದ್ದ ಪರಿಚಿತರ ಮಗನ ಕೈಗೂ ಕೊಟ್ಟರು.

ಈ ನಾಲ್ಕು ಸಾಲುಗಳನ್ನು ಸೂತ್ರದ ಐದು ಅತಿಚಾರಗಳ ಪಕ್ಕದಲ್ಲಿಟ್ಟು ನೋಡಬಹುದು.

ಊರ್ಧ್ವವ್ಯತಿಕ್ರಮವು ಎತ್ತರದ ವಿಷಯ. ಪರ್ವತ ವೈದ್ಯರ ಸಾಮಾನ್ಯ ನಿಯಮವೆಂದರೆ, 3,000 ಮೀಟರು ದಾಟಿದ ಮೇಲೆ ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು; ಮೂರು ನಾಲ್ಕು ದಿನಗಳಿಗೊಮ್ಮೆ ಏರದೆ ವಿಶ್ರಮಿಸಬೇಕು. ಲಿಪುಲೇಖದ ದಾರಿಯಲ್ಲಿ ಹಿಂದೆ ಹಲವು ದಿನ ನಡೆದೇ ಹೋಗಬೇಕಾಗಿದ್ದುದರಿಂದ ಈ ನಿಯಮ ಬಹುಮಟ್ಟಿಗೆ ತಾನಾಗಿಯೇ ಪಾಲನೆಯಾಗುತ್ತಿತ್ತು. 2020ರಲ್ಲಿ ಅಲ್ಲಿಗೆ ಮೋಟಾರು ರಸ್ತೆ ಉದ್ಘಾಟನೆಯಾಯಿತು. ಶರೀರಕ್ಕಿದ್ದ ಕಾಲಾವಕಾಶವನ್ನು ಇನ್ನು ಯಾತ್ರಾರ್ಥಿಯೇ ಬುದ್ಧಿಪೂರ್ವಕವಾಗಿ ಕೊಡಬೇಕು. ಸರ್ಕಾರದ ಯಾತ್ರೆಯಲ್ಲಿ ವೈದ್ಯಪರೀಕ್ಷೆಯೂ, ಗುಂಜಿಯಂಥ ಸ್ಥಳದಲ್ಲಿ ಹವೆಗೆ ಹೊಂದಿಕೊಳ್ಳುವ ತಂಗುವಿಕೆಯೂ, 70 ವರ್ಷದ ವಯೋಮಿತಿಯೂ ಇರುವುದು ಈ ಕಾರಣದಿಂದಲೇ. ಅದನ್ನು ಅಡ್ಡಿಯೆಂದು ತಿಳಿಯದೆ ಎಲ್ಲೆಯೆಂದು ತಿಳಿಯಬೇಕು.

ಅಧೋವ್ಯತಿಕ್ರಮವು ಇಳಿಯುವಾಗಿನ ಆತುರ. ಪರ್ವತದಲ್ಲಿ ಏರುವಾಗ ಉಸಿರು ಎಚ್ಚರಿಸುತ್ತದೆ. ಇಳಿಯುವಾಗ ಎಚ್ಚರಿಸುವುದಕ್ಕೆ ಯಾವುದೂ ಇಲ್ಲ. ಕಣಿವೆದಾರಿ ದಾಟಿದೆವೆಂಬ ಸಂತೋಷದಲ್ಲಿ ಹಿಮದ ಓರೆಯಲ್ಲಿ ಅಡ್ಡದಾರಿ ಹಿಡಿದವರು ಜಾರುತ್ತಾರೆ. ತಿರ್ಯಗ್ವ್ಯತಿಕ್ರಮವು ದಾರಿ ಬಿಟ್ಟು ಪಕ್ಕಕ್ಕೆ ಹೋಗುವುದು. ದಾರ್ಚೆನಿನಿಂದ ಪರ್ವತದ ದಕ್ಷಿಣ ಮುಖದ ಕಡೆಗೆ, ಅಷ್ಟಾಪದವೆಂದು ತೋರಿಸುವ ಸ್ಥಳವೊಂದುಂಟು. ಅಲ್ಲಿಗೆ ಹೋಗಲು ಎಲ್ಲ ಕಾಲದಲ್ಲಿಯೂ ಅನುಮತಿ ದೊರೆಯುವುದಿಲ್ಲ. ಜೈನ ಯಾತ್ರಾರ್ಥಿಗೆ ಅದರ ಸೆಳೆತ ಸಹಜವಾದುದು. ಅನುಮತಿಯಿಲ್ಲದಾಗ ಕಣ್ಣುತಪ್ಪಿಸಿ ಹೋಗುವುದು ಅಚೌರ್ಯಾಣುವ್ರತಕ್ಕೂ ಕುಂದು.

ಕ್ಷೇತ್ರವೃದ್ಧಿ ಮತ್ತು ಸ್ಮೃತ್ಯಂತರಾಧಾನಗಳು ಇನ್ನೂ ಸೂಕ್ಷ್ಮವಾದವು. ಒಂದು ದಿಕ್ಕಿನಲ್ಲಿ ಉಳಿಸಿದ್ದನ್ನು ಮತ್ತೊಂದು ದಿಕ್ಕಿಗೆ ಸೇರಿಸಿಕೊಂಡು ಎಲ್ಲೆ ಮೀರಿಲ್ಲವೆಂದು ಸಮಾಧಾನ ಪಡುವುದು ಕ್ಷೇತ್ರವೃದ್ಧಿಯ ಲಕ್ಷಣ. ಲೆಕ್ಕ ಬಲ್ಲ ವರ್ತಕನಿಗೆ ಈ ಹೊಂದಾಣಿಕೆ ಬಲು ಸುಲಭ. ನಿನ್ನೆ ಬೇಗ ತಲುಪಿದ್ದರಿಂದ ಇಂದು ತಡವಾದರೂ ಸರಿ ಎಂದು ಮನಸ್ಸು ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಜಮಾ ಮಾಡುತ್ತದೆ. ಪರ್ವತದಲ್ಲಿ ಅಂಥ ಖಾತೆಗಳಿಲ್ಲ. ಸ್ಮೃತ್ಯಂತರಾಧಾನವಂತೂ ಅಲ್ಲಿ ಬರಿಯ ರೂಪಕವಲ್ಲ. ಪ್ರಾಣವಾಯು ಕಡಿಮೆಯಾದಾಗ ಮೊದಲು ಮಂಕಾಗುವುದು ನೆನಪು ಮತ್ತು ವಿವೇಚನೆ. ಅಸ್ವಸ್ಥನಾದವನಿಗೆ ತಾನು ಅಸ್ವಸ್ಥನೆಂಬುದೇ ತೋರದಿರಬಹುದು. ಆದುದರಿಂದಲೇ ಎಲ್ಲೆಯನ್ನು ಬರೆದಿಡಬೇಕು, ಇನ್ನೊಬ್ಬರ ಕೈಗೂ ಕೊಟ್ಟಿರಬೇಕು. ಗಡಿಯಾರವೂ ಮೋಸಗೊಳಿಸಬಹುದು: ಟಿಬೆಟಿನಲ್ಲಿಯೂ ಬೀಜಿಂಗಿನ ವೇಳೆಯನ್ನೇ ಅನುಸರಿಸುವುದರಿಂದ, ಕೈಲಾಸದಲ್ಲಿ ನಡುಹಗಲೆಂದರೆ ಅಲ್ಲಿಯ ಗಡಿಯಾರದಲ್ಲಿ ಎರಡೂವರೆ ಗಂಟೆಯ ಸುಮಾರು. ಆ ವ್ಯಾಪಾರಿಯು ಗಂಟೆಯನ್ನು ಬರೆಯದೆ ಸೂರ್ಯನನ್ನು ಬರೆದುದು ಸರಿಯಾಗಿತ್ತು.

ಅವರು ದಿರಾಪುಕ್ ತಲುಪಿದ ರಾತ್ರಿ ಗೇಣುದ್ದ ಹಿಮ ಬಿತ್ತು. ಬೆಳಿಗ್ಗೆ ಆಕಾಶ ನಿರ್ಮಲವಾಗಿತ್ತು. ಪರ್ವತದ ಉತ್ತರ ಮುಖ ಬೆಳ್ಳಿಯ ಬಿಂಬದಂತೆ ಕಾಣುತ್ತಿತ್ತು. ಮುಂದೆ ಹೋದ ಕುದುರೆಗಳ ಹೆಜ್ಜೆಗಳಿಂದ ದಾರಿಯೂ ತಕ್ಕಮಟ್ಟಿಗೆ ತೋರುತ್ತಿತ್ತು. ತಂಡದವರು ಹೊರಟರು. ಪತ್ನಿಗೆ ರಾತ್ರಿಯಿಡೀ ತಲೆ ಸಿಡಿದು ನಿದ್ರೆಯಿರಲಿಲ್ಲ. ಎದ್ದು ನಾಲ್ಕು ಹೆಜ್ಜೆ ಇಡುವಾಗ ಗೋಡೆ ಹಿಡಿದರು. ವ್ಯಾಪಾರಿಯು ಒಂದು ಗಳಿಗೆ ಸುಮ್ಮನಿದ್ದು, "ನೀ ಇಲ್ಲೇ ಮಲಗಿರು. ನಿನ್ನ ಕೂಡ ಒಬ್ಬರನ್ನ ಬಿಟ್ಟು ನಾ ಹೋಗಿಬರತೇನಿ" ಎಂದರು. ಅವರಾಕೆ ಉತ್ತರ ಕೊಡಲಿಲ್ಲ. ಶಾಲಿನೊಳಗಿನಿಂದ ಹಾಳೆ ತೆಗೆದು ಮೂರನೆಯ ಸಾಲಿನ ಮೇಲೆ ಬೆರಳಿಟ್ಟರು. ಇಬ್ಬರೂ ಎಂದು ಅಲ್ಲಿ ಬರೆದಿತ್ತು. "ಕಾಕಾ, ಇನ್ನ ಕೆಲವು ತಾಸಿನ ದಾರಿ. ಇಷ್ಟು ದೂರ ಬಂದು ತಿರುಗೋದೇನ್ರಿ?" ಎಂದು ಪರಿಚಿತರ ಮಗನು ಕೇಳಿದನು. ವ್ಯಾಪಾರಿಯು ಅವನ ಕಿಸೆಯಲ್ಲಿಯೂ ಅದೇ ಹಾಳೆಯಿರುವುದನ್ನು ನೆನಪಿಸಿದರು. ಉತ್ತರ ಮುಖಕ್ಕೆ ಅಲ್ಲಿಂದಲೇ ಕೈಮುಗಿದು, ದಂಪತಿಗಳು ಸಹಾಯಕನೊಬ್ಬನ ಆಸರೆಯಲ್ಲಿ ಕೆಳಗಿಳಿದರು. ಅಲ್ಲಿಂದ ವಾಹನದಲ್ಲಿ ಇನ್ನೂ ತಗ್ಗಿನ ತಕಲಾಕೋಟೆಗೆ ಹೋದ ಮೇಲೆ ಆಕೆ ಎರಡು ದಿನಗಳಲ್ಲಿ ಚೇತರಿಸಿಕೊಂಡರು.

ಆ ದಿನ ಕಣಿವೆದಾರಿಯಲ್ಲಿ ಯಾವ ಅನಾಹುತವೂ ಆಗಲಿಲ್ಲ. ತಂಡದವರೆಲ್ಲರೂ ಸುಖವಾಗಿ ದಾಟಿ, ಪರಿಕ್ರಮ ಪೂರೈಸಿ, ಭಾವಚಿತ್ರಗಳೊಡನೆ ಮರಳಿದರು. ಈ ಮಾತನ್ನು ಮರೆಮಾಚುವ ಅಗತ್ಯವಿಲ್ಲ. ವ್ರತವು ಸರಿಯೆಂದು ಸಿದ್ಧವಾಗುವುದಕ್ಕೆ ಮೀರಿದವರಿಗೆ ಕೇಡಾಗಬೇಕೆಂದು ಬಯಸುವುದು ಹಿಂಸಾಭಾವವೇ ಆಗುತ್ತದೆ. ದಾಟಿದವರ ಕ್ಷೇಮವು ಸಂತೋಷದ ವಿಷಯ. ಹಿಂದಿರುಗಿದವರ ವ್ರತಪಾಲನೆಯೂ ಅಷ್ಟೇ ಸಂತೋಷದ ವಿಷಯ. ಒಂದು ಇನ್ನೊಂದನ್ನು ಸುಳ್ಳುಮಾಡುವುದಿಲ್ಲ. ಕುಡಿದು ಗಾಡಿ ನಡೆಸಿದವನು ಮನೆ ಸೇರಿದ ಮಾತ್ರಕ್ಕೆ ಕುಡಿಯದವನ ಸಂಯಮ ವ್ಯರ್ಥವಾಯಿತೆಂದು ಯಾರೂ ಹೇಳುವುದಿಲ್ಲ.

ಎಲ್ಲೆ ಹಾಕಿಕೊಳ್ಳುವುದು ಸ್ವಂತ ಪ್ರಾಣರಕ್ಷಣೆಗೆ ಮಾತ್ರವಲ್ಲ. ಯಾತ್ರಾರ್ಥಿ ಏರುವಾಗ ಅವನೊಬ್ಬನೇ ಏರುವುದಿಲ್ಲ. ಅವನ ಹೊರೆ ಹೊರುವ ಕೂಲಿಯವನು, ಅವನನ್ನು ಹೊರುವ ಕುದುರೆ, ಸಾಮಾನು ಹೊರುವ ಯಾಕ್ ಸಹ ಏರುತ್ತವೆ. ಯಾತ್ರಾರ್ಥಿ ತಡಮಾಡಿದರೆ ಅವರೂ ಕತ್ತಲಾದ ಮೇಲೆ ಹಿಮದಲ್ಲಿ ಇಳಿಯಬೇಕು. ಅವನು ಬಿದ್ದರೆ ಎತ್ತಲು ಹೋಗುವವರು ಅವರೇ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಅನ್ನಪಾನನಿರೋಧವೂ ಸೇರಿವೆ. ಮಿತಿಮೀರಿದ ಭಾರ ಹೇರುವುದು, ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡದಿರುವುದು ಎಂಬ ಈ ಮಾತುಗಳು ಪಶುಗಳನ್ನು ಕುರಿತೇ ಹೇಳಿದವು. 2022ರ ಕೇದಾರನಾಥ ಯಾತ್ರೆಯ ಕಾಲದಲ್ಲಿ 100ಕ್ಕೂ ಹೆಚ್ಚು ಕುದುರೆ ಹಾಗೂ ಹೇಸರಗತ್ತೆಗಳು ಸತ್ತುವೆಂದು ವರದಿಯಾಯಿತು. ಬಿಡುವಿಲ್ಲದ ದುಡಿಮೆ, ಭಾರ, ಬಾಯಾರಿಕೆ ಅದಕ್ಕೆ ಕಾರಣಗಳೆಂದು ಆಗ ಚರ್ಚೆಯಾಯಿತು. ಬಾಡಿಗೆ ಕೊಟ್ಟವನಿಗೆ ಆ ಪ್ರಾಣಿಯ ನೋವಿನಲ್ಲಿ ಪಾಲಿಲ್ಲವೆಂದು ಯಾವ ಲೆಕ್ಕದಲ್ಲಿ ಹೇಳಲಾದೀತು? ಹತ್ತಲಾರದ ಎತ್ತರಕ್ಕೆ ಮತ್ತೊಂದು ಜೀವದ ಬೆನ್ನೇರಿ ಹೋಗುವ ಮೊದಲು, ಆ ವಂದನೆ ಯಾರ ಖರ್ಚಿನಲ್ಲಿ ನಡೆಯುತ್ತಿದೆ ಎಂದು ವಿಚಾರಿಸಬೇಕು. ಕಾಲ ಕೆಳಗಿನ ಹಿಮವೂ ನಿರ್ಜೀವವಲ್ಲ; ಇಬ್ಬನಿ, ಹಿಮ, ಆಲಿಕಲ್ಲುಗಳನ್ನು ಜಲಕಾಯಿಕ ಜೀವಗಳಲ್ಲಿ ಎಣಿಸುವುದು ಜೈನಾಗಮದ ದೃಷ್ಟಿ. ಗೃಹಸ್ಥನಿಗೆ ಅದನ್ನು ಪೂರ್ತಿ ಪರಿಹರಿಸುವುದು ಅಸಾಧ್ಯ. ಆದರೆ ಪ್ಲಾಸ್ಟಿಕ್ಕಿನ ಶೀಶೆಯನ್ನು ಅದರಲ್ಲಿ ಹೂತು ಬರದಿರುವುದು ಸಾಧ್ಯ.

ವ್ರತದ ಹೆಸರಿನಲ್ಲಿಯೇ ಕೆಲವರು ಅಪಾಯ ತಂದುಕೊಳ್ಳುತ್ತಾರೆ. ವಿಂಧ್ಯಗಿರಿಯನ್ನು ಬರಿಗಾಲಿನಲ್ಲಿ ಏರುವ ರೂಢಿಯಿರುವ ಭಕ್ತರು ಹಿಮದ ಮೇಲೆಯೂ ಪಾದರಕ್ಷೆ ಕಳಚಬೇಕೆಂದು ಹಟ ಹಿಡಿದರೆ, ಹಿಮದಿಂದ ಬೆರಳುಗಳು ಮರಗಟ್ಟಿ ಕೊಳೆಯುವ ಸಂಭವವುಂಟು. ಕಣಿವೆದಾರಿಯ ದಿನವೇ ಉಪವಾಸ ಮಾಡುವುದು, ಸಾಕಷ್ಟು ನೀರು ಕುಡಿಯದಿರುವುದು ಸಹ ಹಾಗೆಯೇ. ಶಕ್ತಿಗೆ ತಕ್ಕಂತೆ ತ್ಯಾಗ, ಶಕ್ತಿಗೆ ತಕ್ಕಂತೆ ತಪಸ್ಸು ಎಂಬುದು ಷೋಡಶ ಭಾವನೆಗಳಲ್ಲಿಯೇ ಬಂದಿರುವ ವಿವೇಕ. ಸೋಸಿ ಕಾಯಿಸಿದ ನೀರನ್ನು ಹಗಲಿನಲ್ಲಿ ಆಗಾಗ ಕುಡಿದು, ಸೂರ್ಯಾಸ್ತಕ್ಕೆ ಮೊದಲು ಉಣ್ಣುವ ಶ್ರಾವಕನ ದಿನಚರಿಯು ಎತ್ತರದ ಪ್ರದೇಶಕ್ಕೆ ಒಗ್ಗದುದೇನೂ ಅಲ್ಲ. ಹಿಮದ ಬೆಳಕು ಕಣ್ಣನ್ನು ಸುಡುವುದರಿಂದ ಕಪ್ಪು ಕನ್ನಡಕ ಧರಿಸಿಕೊಂಡು, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆದರೆ ಈರ್ಯಾಸಮಿತಿಯ ಭಾವವೂ ನೆರವೇರುತ್ತದೆ, ಕಾಲೂ ಉಳಿಯುತ್ತದೆ.

ಇನ್ನೊಂದು ಮಾತು ಆಗಾಗ ಕೇಳಿಬರುತ್ತದೆ: ಇಂಥ ಕ್ಷೇತ್ರದಲ್ಲಿ ಪ್ರಾಣ ಹೋದರೆ ಅದಕ್ಕಿಂತ ಪುಣ್ಯವೇನು ಎಂದು. ಜೈನಧರ್ಮದಲ್ಲಿ ಸಮಾಧಿಮರಣಕ್ಕೆ ಪರಮ ಗೌರವವಿದೆ, ನಿಜ. ಆದರೆ ಸಮಂತಭದ್ರಾಚಾರ್ಯರು ಸಲ್ಲೇಖನಕ್ಕೆ ಹೇಳಿದ ಸಂದರ್ಭಗಳು ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗ. ಕೆಳಗಿಳಿದರೆ ಗುಣವಾಗುವ ಪರ್ವತವ್ಯಾಧಿ ಪರಿಹಾರವಿಲ್ಲದ ರೋಗವಲ್ಲ. ಪ್ರಮಾದದಿಂದ ಪ್ರಾಣಗಳಿಗೆ ಘಾತವಾಗುವುದೇ ಹಿಂಸೆಯೆಂಬುದು ಸೂತ್ರಕಾರರ ಅಭಿಪ್ರಾಯವಾಗಿರುವಾಗ, ಆ ಪ್ರಾಣ ತನ್ನದಾದ ಮಾತ್ರಕ್ಕೆ ಪ್ರಮಾದವು ತಪಸ್ಸಾಗುವುದಿಲ್ಲ.

ಋಷಭದೇವರ ನಿರ್ವಾಣ ಕಲ್ಯಾಣದ ತಿಥಿಯು ಮಾಘ ಕೃಷ್ಣ ಚತುರ್ದಶಿ. ಉತ್ತರದ ಮಾಸಗಣನೆಯಂತಾದರೂ ದಕ್ಷಿಣದ ಗಣನೆಯಂತಾದರೂ ಅದು ಬರುವುದು ಕೈಲಾಸದ ದಾರಿ ಹಿಮದಿಂದ ಮುಚ್ಚಿರುವ ಕಾಲದಲ್ಲಿಯೇ. ಭಗವಂತರ ನಿರ್ವಾಣದ ಪುಣ್ಯದಿನದಂದು ಆ ಕ್ಷೇತ್ರಕ್ಕೆ ಹೋಗುವುದು ಈ ಕಾಲದ ಗೃಹಸ್ಥನಿಗೆ ಸಾಧ್ಯವೇ ಇಲ್ಲ. ಅದರಿಂದ ಯಾವ ಭಕ್ತನಿಗೂ ಕೊರತೆಯಾಗಿಲ್ಲ. ಊರೂರ ಬಸದಿಗಳಲ್ಲಿ ಅಭಿಷೇಕ ಪೂಜೆಗಳು ನಡೆದು, ನಿರ್ವಾಣ ಕಲ್ಯಾಣ ಅಲ್ಲಿಯೇ ಸಲ್ಲುತ್ತದೆ. ಮಳೆಗಾಲದಲ್ಲಿ ಮುನಿಗಳು ಒಂದೆಡೆ ನಿಂತು ವರ್ಷಾಯೋಗ ಕೈಗೊಳ್ಳುವುದೂ ಇದೇ ತಿಳಿವಿನಿಂದ. ನಡೆಯುವುದು ಧರ್ಮವಾಗುವ ಋತುವುಂಟು, ನಿಲ್ಲುವುದು ಧರ್ಮವಾಗುವ ಋತುವುಂಟು. ವರ್ಷಕಾಲ ಕದಲದೆ ನಿಂತ ಬಾಹುಬಲಿ ಸ್ವಾಮಿಯನ್ನು ಪೂಜಿಸುವ ನಾ‌ಡಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

2020ರಿಂದ ನಿಂತುಹೋಗಿದ್ದ ಸರ್ಕಾರದ ಕೈಲಾಸ ಯಾತ್ರೆ 2025ರಲ್ಲಿ ಲಿಪುಲೇಖ ಮತ್ತು ನಾಥೂ ಲಾ ದಾರಿಗಳಲ್ಲಿ ಮತ್ತೆ ಆರಂಭವಾಯಿತು. ಯಾತ್ರೆಗೆ ಹೊರಡಲು ಬಯಸುವ ಕುಟುಂಬಗಳ ಸಂಖ್ಯೆ ಇನ್ನು ಹೆಚ್ಚುವುದು ಸಹಜ. ಯಾತ್ರಾಸಂಘಗಳನ್ನು ಕಳುಹಿಸುವ ಬಸದಿಗಳ ಟ್ರಸ್ಟುಗಳು ಕೆಲವು ನಿಯಮಗಳನ್ನು ಪಾಲಿಸಬಹುದು. ಅಗ್ಗವೆಂದು ಕಡಿಮೆ ದಿನಗಳ ಕಾರ್ಯಕ್ರಮವನ್ನು ಒಪ್ಪದೆ, ಎತ್ತರಕ್ಕೆ ಹೊಂದಿಕೊಳ್ಳುವ ವಿಶ್ರಾಂತಿಯ ದಿನಗಳಿಗೆ ಹಣ ತೆಗೆದಿಡುವುದು. ಹವೆ ಕೆಟ್ಟರೆ ಕಾಯಲು ಒಂದೆರಡು ದಿನಗಳನ್ನು ಮೀಸಲಿಡುವುದು. ಹೊರಡುವ ಮುನ್ನ ಪ್ರತಿಯೊಬ್ಬರಿಂದಲೂ ಎಲ್ಲೆಗಳನ್ನು ಬರೆಯಿಸಿ, ಸಂಘದ ಮುಖಂಡನ ಬಳಿ ಪ್ರತಿ ಇರಿಸುವುದು. ಕೂಲಿಯವರಿಗೂ ಬೆಚ್ಚನೆಯ ಉಡುಪು ಮತ್ತು ಊಟ ದೊರೆಯುವಂತೆ ಕರಾರಿನಲ್ಲಿಯೇ ಸೇರಿಸುವುದು.

ಮತ್ತೊಂದು ಸಂಗತಿ ಹಣ ಖರ್ಚಿಲ್ಲದುದು; ಆದರೆ ಎಲ್ಲಕ್ಕಿಂತ ಮುಖ್ಯವಾದುದು. ಆ ವ್ಯಾಪಾರಿಯ ಊರಿನಲ್ಲಿ ಯಾತ್ರೆಯಿಂದ ಮರಳಿದವರಿಗೆ ಸನ್ಮಾನ ನಡೆಯಿತು. ಪರಿಕ್ರಮ ಪೂರೈಸಿದವರ ಪಟ್ಟಿಯನ್ನು ಓದಿ ಒಬ್ಬೊಬ್ಬರಿಗೂ ಹಾರ ಹಾಕಿದರು. ದಂಪತಿಗಳ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಅವಮಾನ ಮಾಡುವ ಉದ್ದೇಶ ಯಾರಿಗೂ ಇರಲಿಲ್ಲ. ಪಟ್ಟಿಯ ತಲೆಬರಹವೇ ಹಾಗಿತ್ತು. ಆದರೆ ಆ ಸಭೆಯಲ್ಲಿ ಕುಳಿತಿದ್ದ ಹತ್ತಾರು ಯುವಕರು ಒಂದು ಪಾಠ ಕಲಿತರು: ದಾಟಿದವನಿಗೆ ಹಾರ, ತಿರುಗಿದವನಿಗೆ ಮೌನ. ಮುಂದೆ ಅವರಲ್ಲೊಬ್ಬನು ಹಿಮದಲ್ಲಿ ನಿಂತು ಮುಂದುವರಿಯಲೇ ಹಿಂದಿರುಗಲೇ ಎಂದು ಯೋಚಿಸುವಾಗ ಈ ಪಾಠವು ಅವನ ಬೆನ್ನಿಗೆ ಕೈಯಿಟ್ಟು ಮೇಲಕ್ಕೆ ನೂಕುತ್ತದೆ. ಟ್ರಸ್ಟುಗಳು ಪಟ್ಟಿಯ ತಲೆಬರಹವನ್ನು ಬದಲಿಸಬೇಕು. ಯಾತ್ರೆಗೆ ಹೋಗಿಬಂದವರೆಲ್ಲರ ಹೆಸರನ್ನೂ ಓದಬೇಕು. ತಾವು ಹಾಕಿಕೊಂಡ ಎಲ್ಲೆಗೆ ಬದ್ಧರಾಗಿ ಹಿಂದಿರುಗಿದವರಿದ್ದರೆ ಅವರ ಹೆಸರನ್ನು ಮೊದಲು ಓದಬೇಕು.